ಏನುಂಡೆ ಎಂದು ಕೇಳುವವರಿಗೆ

ನೀಲ್ ದ್ವೀಪ, ಅಂಡಮಾನ
೨೮ ಅಕ್ಟೋಬರ್ ೨೦೨೩

ಸುಂದರವೈನಿಗೆ ಸುನಿತಾಳ ಶರಣು.

ಬ್ಯಾಂಕಿನವರು ಜೇವರ್ಗಿ ಶಾಖೆಯಿಂದ ಬಡ್ತಿ ಕೊಟ್ಟು ಇಷ್ಟು ದೂರ ಹಾಕಿದಾಗ ಅಣ್ಣ "ಬಡ್ತಿ ಬ್ಯಾಡ ಅಂತ ಬರದು ಕೊಡು" ಅಂದಿದ್ದ. ನಾನು ಕೊಡಲಿಲ್ಲ. ಆ ಸಿಟ್ಟು ಅವನಿಗಿನ್ನೂ ಇಳಿದಿಲ್ಲ. ಫೋನು ಮಾಡಿದರೆ ಸ್ಪೀಕರ್ ಹಾಕಿ ಪಡಸಾಲೆಯ ನಡುವೆ ಇಡುತ್ತಾನೆ. ಅವನ ಪ್ರಶ್ನೆಗಳು ಮುಗಿದು ನಿಮ್ಮ ದನಿ ಕೇಳುವಷ್ಟರಲ್ಲಿ ಇಲ್ಲಿಯ ನೆಟ್‌ವರ್ಕ್ ಹೋಗಿರುತ್ತದೆ. ಅದಕ್ಕೇ ಈ ಪತ್ರ. ಇದು ನಿಮಗೊಬ್ಬರಿಗೇ.

ನೀವು ಕಟ್ಟಿ ಕೊಟ್ಟ ಜೋಳದ ಹಿಟ್ಟು ಹಡಗಿನಲ್ಲೇ ತೇವ ಹಿಡಿದು ಮುಗ್ಗಲಾಯಿತು. ಶೇಂಗಾ ಹಿಂಡಿ ಮಾತ್ರ ಒಣ ಚಟ್ನಿಯಾದ್ದರಿಂದ ಉಳಿದಿದೆ. ಬಾಡಿಗೆ ಮನೆಯಲ್ಲಿ ಗ್ಯಾಸು, ಪಾತ್ರೆ ಎಲ್ಲ ಇವೆ. ಆದರೆ ವೈನಿ, ನಮ್ಮ ಮನೆಯವರು ತೀರಿಹೋದ ಮೇಲೆ ಜೇವರ್ಗಿಯಲ್ಲಿ ಅಷ್ಟು ವರ್ಷ ಒಬ್ಬಳೇ ಮಾಡಿಕೊಂಡು, ಗೋಡೆ ನೋಡುತ್ತ ಒಬ್ಬಳೇ ಉಂಡೆ. ಇಲ್ಲಿಯೂ ಅದನ್ನೇ ಮಾಡಲು ಸಮುದ್ರ ದಾಟಿ ಬರಬೇಕಿತ್ತೇ?

ಹಾಗಾಗಿ ಹೊರಗೆ ಉಣ್ಣುತ್ತೇನೆ ಎಂದು ನಿಶ್ಚಯಿಸಿದೆ. ಜೆಟ್ಟಿಯ ಹತ್ತಿರ ಸಾಲು ಹೋಟೆಲುಗಳಿವೆ, ಎಲ್ಲವೂ ಪ್ರವಾಸಿಗಳಿಗಾಗಿ. "ಇಲ್ಲಿಯ ಊಟ ಏನಿದೆ?" ಎಂದು ಕೇಳಿದರೆ ಮಾಣಿ ಪನೀರ್ ಬಟರ್ ಮಸಾಲಾ ಎನ್ನುತ್ತಾನೆ. "ಇಲ್ಲಿಯ ಜನ ಮನೆಯಲ್ಲಿ ಮಾಡುವಂಥದ್ದು" ಎಂದರೆ ನೂಡಲ್ಸ್ ಎನ್ನುತ್ತಾನೆ. ಆದರೆ ಇದು ತರಕಾರಿಯ ದ್ವೀಪ. ಬೆಳಗಾದರೆ ಸಂತೆಯಲ್ಲಿ ಕುಂಬಳ, ಹಾಗಲ, ಕೆಂಪು ಸೊಪ್ಪು, ಹೆಸರೇ ಗೊತ್ತಿಲ್ಲದ ಗಡ್ಡೆಗಳು ರಾಶಿ ಬೀಳುತ್ತವೆ. ಇವನ್ನು ಯಾರೋ ಎಲ್ಲೋ ರುಚಿಯಾಗಿ ಮಾಡಿ ಉಣ್ಣುತ್ತಿದ್ದಾರೆ. ಅವರು ಎಲ್ಲಿದ್ದಾರೆಂದು ನಾನು ಹುಡುಕಿಯೇ ಹುಡುಕುತ್ತೇನೆ.

ಶೈಲಶ್ರೀ ಓದು ಹೇಗೆ ನಡೆದಿದೆ? ದಿನಾ ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಸೊರಗಿರಬೇಕು. ಅವಳಿಗೆ ಅತ್ತೆಯ ಮುದ್ದು ತಿಳಿಸಿರಿ.

ನಿಮ್ಮ ಸುನಿತಾ


ಆಳಂದ
೧೫ ನವೆಂಬರ್ ೨೦೨೩

ಸುನಿತಾಳಿಗೆ ವೈನಿಯ ಆಶೀರ್ವಾದ.

ಪತ್ರ ತಲುಪಿತು. ಇದನ್ನು ನಿಮ್ಮಣ್ಣ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ಬರೆಸುತ್ತಿದ್ದಾರೆ. ಅವರ ಮಾತು ಹೀಗಿದೆ: ಮನೆಯಲ್ಲಿ ಅಡುಗೆಗೆ ಎಲ್ಲ ಅನುಕೂಲ ಇರುವಾಗ ಹೊರಗೆ ಉಣ್ಣುವ ಅವಶ್ಯಕತೆ ಇಲ್ಲ. ಗಂಡನಿಲ್ಲದ ಹೆಣ್ಣುಮಗಳು ರುಚಿ ಹುಡುಕಿಕೊಂಡು ಹೋಟೆಲು ಹೋಟೆಲು ತಿರುಗುವುದು ನಮ್ಮ ಮನೆತನಕ್ಕೆ ಒಪ್ಪುವುದಿಲ್ಲ. ಅಲ್ಲಿ ಎಲ್ಲರೂ ಮೀನು ತಿನ್ನುವವರು. ಒಂದೇ ಸೌಟು, ಒಂದೇ ಎಣ್ಣೆ. ಲಿಂಗ ಕಟ್ಟಿಕೊಂಡವಳು ಇದನ್ನು ನೆನಪಿಡಬೇಕು. ಒಂದು ವರ್ಷ ಮುಗಿಸಿ ವರ್ಗ ಮಾಡಿಸಿಕೊಂಡು ಬರಬೇಕು.

ನಾನೂ ಅದನ್ನೇ ಹೇಳುತ್ತೇನೆ. ನಾಲ್ಕು ಮಂದಿ ಮಾತಾಡುವ ಹಾಗೆ ಮಾಡಿಕೊಳ್ಳಬೇಡ.

ಹಿರಿಯವಳು,
ಸುಂದರಬಾಯಿ

ಈಗ ಎದ್ದು ಹೋದರು. ನಿನ್ನ ಪತ್ರ ಅವರಿಗೆ ತೋರಿಸಿಲ್ಲ, ಹೊರಗೆ ಉಣ್ಣುವ ಮಾತಷ್ಟೇ ನನ್ನ ಬಾಯಿ ತಪ್ಪಿ ಬಂತು. ಆ ಗಡ್ಡೆ ಯಾವುದು? ನೋಡಲು ಹೇಗಿದೆ? ಸುವರ್ಣಗಡ್ಡೆಯ ಹಾಗೆ ಗಂಟಲು ಕೆರೆಯುತ್ತದೆಯೋ ಹೇಗೆ? ಬರೆ.


ನೀಲ್ ದ್ವೀಪ
೩ ಡಿಸೆಂಬರ್ ೨೦೨೩

ವೈನಿ,

ಸಿಕ್ಕಿತು! ಅಣ್ಣನ ಉಪದೇಶಕ್ಕೆ ಆಮೇಲೆ ಉತ್ತರ ಬರೆಯುತ್ತೇನೆ, ಮೊದಲು ಇದನ್ನು ಓದಿರಿ.

ಬ್ಯಾಂಕಿಗೆ ಬರುವ ರೈತರನ್ನೆಲ್ಲ ಕೇಳತೊಡಗಿದ್ದೆ: ತರಕಾರಿ ಮಾರಿದ ಮೇಲೆ ನೀವು ಎಲ್ಲಿ ಉಣ್ಣುತ್ತೀರಿ? ಎಲ್ಲರೂ ಸಂತೆಯ ಹಿಂದಿನ ಓಣಿಗೇ ಕೈ ತೋರಿಸಿದರು. ಅಲ್ಲೊಂದು ತಗಡಿನ ಛಾವಣಿ, ಅಡಿಕೆ ಮರದ ದಬ್ಬೆ ಹೊಡೆದ ಗೋಡೆ, ಉದ್ದ ಬೆಂಚು. ಬೋರ್ಡು ಇಲ್ಲ. ಒಳಗೆ ಎಲ್ಲ ಗಂಡಸರು. ನಾನು ಬಾಗಿಲಲ್ಲಿ ನಿಂತಾಗ ಎಲ್ಲರೂ ತುತ್ತು ಹಿಡಿದುಕೊಂಡು ನೋಡಿದರು. ತಿರುಗಿ ಹೋಗಿಬಿಡೋಣ ಎನ್ನಿಸಿತು. ಆಮೇಲೆ ಹಸಿವೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಹೋಗಿ ನಡು ಬೆಂಚಿನಲ್ಲೇ ಕೂತೆ.

ನಡೆಸುವವಳು ಮಿನತಿ ಮಂಡಲ್. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಪೂರ್ವ ಬಂಗಾಳದಿಂದ ಬಂದು ಇಲ್ಲಿ ಕಾಡು ಕಡಿದು ಹೊಲ ಮಾಡಿದವರ ಮನೆಯವಳು. ನನ್ನ ಅರೆಬರೆ ಹಿಂದಿಯಲ್ಲಿ ಮೀನು ಉಣ್ಣುವುದಿಲ್ಲ, ಪಾತ್ರೆಯೂ ಬೇರೆ ಬೇಕು ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬೇರೆಯೇ ಒಂದು ಒಲೆ ತೋರಿಸಿದಳು.

"ಇದು ನಮ್ಮ ಅತ್ತೆಯ ಒಲೆ," ಎಂದಳು. "ಗಂಡ ಸತ್ತ ದಿನವೇ ಅವಳಿಗೆ ಮೀನು ಬಿಡಿಸಿದರು. ಈರುಳ್ಳಿ, ಬೆಳ್ಳುಳ್ಳಿ, ಕೆಂಪು ಬೇಳೆ ಕೂಡ ಬಿಡಿಸಿದರು. ನಮ್ಮ ಕಡೆ ವಿಧವೆಯರಿಗೆ ಹಾಗೇ. ಇಪ್ಪತ್ತು ವರ್ಷದವಳು. ಉಳಿದದ್ದು ಸಿಪ್ಪೆ, ಹೂವು, ದಂಟು. ಅದರಲ್ಲೇ ಅವಳು ಎಂಥಾ ಅಡುಗೆ ಮಾಡುತ್ತಿದ್ದಳೆಂದರೆ, ಮೀನು ತಿನ್ನುವ ಗಂಡಸರು ಅವಳ ಬಾಗಿಲಿಗೆ ಬಟ್ಟಲು ಹಿಡಿದು ಬರುತ್ತಿದ್ದರು."

ಅತ್ತೆ ಈಗಿಲ್ಲ. ಆ ಒಲೆಯ ಮೇಲೆ ಮೀನು ಇಡುವುದಿಲ್ಲ. ಅನ್ನದ ಜೊತೆ ಮೊದಲು ಬಂದದ್ದು ಶುಕ್ತೊ: ಹಾಗಲಕಾಯಿ, ನುಗ್ಗೆ, ಹಸಿ ಬಾಳೆಕಾಯಿ, ಕೊನೆಗೆ ಒಂದಿಷ್ಟು ಹಾಲು. ಊಟ ಕಹಿಯಿಂದ ಶುರು! ಆಮೇಲೆ ಬಾಳೆಹೂವಿನ ಪಲ್ಯ, ಕೊಬ್ಬರಿ ಹಾಕಿದ್ದು. ಅದರ ಪಕಳೆಯೊಳಗಿನ ನಾರು ಒಂದೊಂದಾಗಿ ಬಿಡಿಸಲು ಅರ್ಧ ದಿನ ಬೇಕಂತೆ. ನೀವು ಕೇಳಿದ ಗಡ್ಡೆ ಸುವರ್ಣಗಡ್ಡೆಯೇ, ಸಾಸಿವೆ ಅರೆದು ಹಾಕುತ್ತಾರೆ. ಗಂಟಲು ಕೆರೆಯಲಿಲ್ಲ, ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ನೀರು ಬಂದದ್ದು ಬರೀ ಸಾಸಿವೆಯಿಂದ ಅಲ್ಲ ವೈನಿ.

ಮಿನತಿಯ ಗಂಡನೂ ಇಲ್ಲ. "ನೀವೂ ಮೀನು ಬಿಟ್ಟಿದ್ದೀರಾ?" ಎಂದು ಕೇಳಿದೆ.

"ಬಿಡಿಸಲು ಬಂದಿದ್ದರು," ಎಂದಳು. "ಬಂದ ದಾರಿಯಲ್ಲೇ ಕಳಿಸಿದೆ. ದಿನಾ ತಿನ್ನುತ್ತೇನೆ. ಅತ್ತೆಯೇ ಕೂರಿಸಿಕೊಂಡು ಮುಳ್ಳು ತೆಗೆದು ಬಡಿಸಿದ್ದಳು."

ಅಣ್ಣನಿಗೆ ಹೇಳಿರಿ: ಸೌಟು ಬೇರೆ, ಎಣ್ಣೆ ಬೇರೆ. ಹೊರಗೆ ಉಣ್ಣುವುದನ್ನು ಮಾತ್ರ ನಾನು ಬಿಡುವುದಿಲ್ಲ.

ಸುನಿತಾ


ಆಳಂದ
೨೨ ಡಿಸೆಂಬರ್ ೨೦೨೩

ಸುನಿತಾಳಿಗೆ,

ಅಫಜಲಪುರದ ಅನೀಲಕುಮಾರ, ನಿಮ್ಮಣ್ಣನ ಜೊತೆ ಗುತ್ತಿಗೆ ಕೆಲಸ ಮಾಡುವವನು, ಮನೆಮಂದಿಯನ್ನು ಕರೆದುಕೊಂಡು ಅಂಡಮಾನ ನೋಡಲು ಹೋಗಿದ್ದನಂತೆ. ನಿನ್ನನ್ನು ಯಾವುದೋ ಓಣಿಯಲ್ಲಿ ಕಂಡು ಫೋಟೋ ಹೊಡೆದು ನಮ್ಮ ಮಂದಿಯ ಗ್ರೂಪಿಗೆ ಹಾಕಿದ್ದಾನೆ. ಬೆಂಚಿನ ಮೇಲೆ ಗಂಡಸರ ನಡುವೆ ಕೂತಿದ್ದೀಯ. ಪಕ್ಕದವನ ತಟ್ಟೆಯಲ್ಲಿ ಮೀನಿನ ತಲೆ ಕಾಣುತ್ತದೆ. ನೀನು ಬಾಯಿ ತುಂಬ ತುತ್ತು ಇಟ್ಟುಕೊಂಡು ನಗುತ್ತಿದ್ದೀಯ.

ಮೀನಿನ ತಲೆಗಿಂತ ಆ ನಗೆಗೇ ಮಂದಿ ಹೆಚ್ಚು ಮಾತಾಡುತ್ತಿದ್ದಾರೆ. "ನನ್ನ ಇಜ್ಜತ್ ಹೋಯ್ತು, ಬಜಾರದಾಗ ಮೋತಿ ಎತ್ತಿ ಅಡ್ಡಾಡಾಕ ಆಗವಲ್ದು" ಎಂದು ನಿಮ್ಮಣ್ಣ ಊಟ ಬಿಟ್ಟು ಎದ್ದರು. ಮೀನು ಮುಟ್ಟಿಲ್ಲ ಎಂದು ಲಿಂಗದ ಮೇಲೆ ಆಣೆ ಮಾಡಿ ನೀನು ಬರೆದು ಕಳಿಸಬೇಕಂತೆ. ಅದನ್ನು ಅವರು ನಾಲ್ಕು ಹಿರಿಯರಿಗೆ ತೋರಿಸುತ್ತಾರಂತೆ.

ಒಂದು ಸಾಲು ಬರೆದುಬಿಡು ತಂಗಿ. ನನಗಾಗಿ ಬರೆ. ಯಾಕೆ ಎಂದು ಕೇಳಬೇಡ.

ವೈನಿ


ನೀಲ್ ದ್ವೀಪ
೭ ಜನವರಿ ೨೦೨೪

ವೈನಿಗೆ,

ಬರೆಯುವುದಿಲ್ಲ.

ಅಣ್ಣ ಕೇಳಿದ್ದರೆ ಆಶ್ಚರ್ಯವಾಗುತ್ತಿರಲಿಲ್ಲ. ನೀವು ಕೇಳಿದಿರಿ. ಯಾಕೆಂದು ಕೇಳಬೇಡ ಎಂದೂ ಹೇಳಿದಿರಿ. ಇಷ್ಟು ವರ್ಷ ನನಗೆ ಯಾರೂ ಯಾವುದಕ್ಕೂ ಯಾಕೆ ಎಂದು ಹೇಳಿಲ್ಲ. ಕುಂಕುಮ ಹಚ್ಚಬೇಡ ಎಂದರು, ಮದುವೆಮನೆಯಲ್ಲಿ ಮುಂದೆ ಬರಬೇಡ ಎಂದರು, ಹಸಿರು ಸೀರೆ ಬೇಡ ಎಂದರು. ನಮ್ಮ ಶರಣರು ಇದನ್ನೆಲ್ಲ ಯಾವತ್ತೋ ಕಿತ್ತೆಸೆದಿದ್ದರು. ಅವರ ಹೆಸರು ಹೇಳುವ ಮನೆಯಲ್ಲೇ ನಾನು ಇದನ್ನೆಲ್ಲ ಕೇಳಿಕೊಂಡೆ. ಈಗ ತಟ್ಟೆಯಲ್ಲಿ ಏನಿತ್ತು ಎಂದು ನಾಲ್ಕು ಗಂಡಸರ ಮುಂದೆ ಆಣೆ ಮಾಡಬೇಕೇ? ಮಂದಿಗೆ ನ್ಯಾಯ ಹೇಳಲು ಲಿಂಗವನ್ನು ಸಾಕ್ಷಿಗೆ ಎಳೆಯುವವಳಲ್ಲ ನಾನು.

ಅನೀಲಕುಮಾರ ಜೆಟ್ಟಿಯ ಹೋಟೆಲಿನಲ್ಲಿ ಉಂಡದ್ದು ಏನು ಎಂದು ಯಾರಾದರೂ ಕೇಳಿದಿರಾ? ನಾನು ನೋಡಿದ್ದೇನೆ, ಬರೆಯುವುದಿಲ್ಲ. ಅವನ ತಟ್ಟೆ ಅವನದು.

ನನ್ನ ಚಿಂತೆಯಲ್ಲಿ ನೀವು ಊಟ ಬಿಡಬೇಡಿರಿ.

ಸುನಿತಾ


ನೀಲ್ ದ್ವೀಪ
೧೧ ಫೆಬ್ರುವರಿ ೨೦೨೪

ವೈನಿ,

ಎಳ್ಳಮಾಸಿಗೂ ನಿಮ್ಮ ಪತ್ರ ಇಲ್ಲ, ಸಂಕ್ರಾಂತಿಗೂ ಇಲ್ಲ. ಫೋನು ಮಾಡಿದರೆ ಅಣ್ಣ "ಮನಿಯಾಗಿಲ್ಲ" ಎಂದು ಇಡುತ್ತಾನೆ. ಹಿಂದೆ ಪಾತ್ರೆ ತೊಳೆಯುವ ಸಪ್ಪಳ ಕೇಳುತ್ತದೆ. ನೀವು ಹೊರಳಾಡಿಸಿ ತೊಳೆಯುವ ಸಪ್ಪಳ ನನಗೆ ಗೊತ್ತಿಲ್ಲವೇ?

ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರೆಯಿರಿ. ಅವತ್ತು ಅಣ್ಣನ ಮೇಲಿನ ಸಿಟ್ಟನ್ನು ನಿಮ್ಮ ಮೇಲೆ ಚೆಲ್ಲಿದೆ.

ಅಣ್ಣನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಾನು ಮೀನು ಮುಟ್ಟಿಲ್ಲ. ಆ ವಾಸನೆ ನನಗಿನ್ನೂ ಹಿಡಿಸಿಲ್ಲ, ಮಿನತಿ ಮೀನು ಕರಿಯುವಾಗ ಹೊರಗೆ ಹೋಗಿ ನಿಲ್ಲುತ್ತೇನೆ. ಆದರೆ ಇದನ್ನು ಅವನಿಗೆ ಹೇಳಬೇಡಿರಿ. ಇವತ್ತು ತಟ್ಟೆಯ ಲೆಕ್ಕ ಕೊಟ್ಟರೆ ನಾಳೆ ಯಾರ ಜೊತೆ ನಕ್ಕೆ ಎನ್ನುವ ಲೆಕ್ಕ ಕೊಡಬೇಕಾಗುತ್ತದೆ.

ಇಲ್ಲಿಯ ಸುದ್ದಿ: ರಾಂಚಿ ಕಡೆಯಿಂದ ಕೂಲಿಗೆ ಬಂದು ನೆಲೆಸಿದವರ ಕೇರಿಯಲ್ಲಿ ಒಬ್ಬ ಮುದುಕಿ ಅಕ್ಕಿ, ಉದ್ದು ನೆನೆಹಾಕಿ ರುಬ್ಬಿ ದಪ್ಪ ಎಣ್ಣೆರೊಟ್ಟಿ ಕರಿಯುತ್ತಾಳೆ. ನಿಮ್ಮ ಶೇಂಗಾ ಹಿಂಡಿ ಹಚ್ಚಿ ತಿಂದೆ, ಅವಳಿಗೂ ಕೊಟ್ಟೆ. ಕಣ್ಣು ಮುಚ್ಚಿ ಚಪ್ಪರಿಸಿ, ಇನ್ನಿಷ್ಟು ಎಂದು ಅಂಗೈ ಚಾಚಿದಳು. ಪ್ರವಾಸಿಗಳು ಈಗ ಬ್ಯಾಂಕಿಗೇ ಬಂದು "ಇಲ್ಲಿ ಖರೆ ಊಟ ಎಲ್ಲಿ ಸಿಗುತ್ತದೆ ಮೇಡಂ" ಎಂದು ಕೇಳುತ್ತಾರೆ. ಮಿನತಿಯ ಕಡೆ ಕಳಿಸುತ್ತೇನೆ. ಜೆಟ್ಟಿ ಹೋಟೆಲಿನ ಮಾಲಿಕನೊಬ್ಬ ನಮ್ಮ ಮ್ಯಾನೇಜರಿಗೆ ದೂರು ಕೊಟ್ಟ. ಈಗ ಇನ್ನೂ ಜೋರಾಗಿ ಹೇಳುತ್ತೇನೆ.

ಒಂದು ಸಾಲಾದರೂ ಬರೆಯಿರಿ.

ಸುನಿತಾ


ಆಳಂದ
೨೭ ಫೆಬ್ರುವರಿ ೨೦೨೪

ಸುನಿತಾ,

ನಿನ್ನ ಮೇಲೆ ನನಗೆ ಸಿಟ್ಟಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ, ಅಷ್ಟೇ.

ಶೈಲಶ್ರೀಗೆ ಹವಳಗಾದ ಬಸವಂತರಾಯರ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಕಲ್ಯಾಣಕುಮಾರ, ಕಡಗಂಚಿಯಲ್ಲಿ ಇವಳಿಗಿಂತ ಎರಡು ವರ್ಷ ಮುಂದೆ ಓದಿದವನು. ಕಬ್ಬಿನ ಹೊಲ, ದೊಡ್ಡ ಮನೆ. ಶೈಲಾ ಬಾಯಿ ಬಿಟ್ಟು ಹೇಳದಿದ್ದರೂ ಅವನೆಂದರೆ ಅವಳಿಗೆ ಇಷ್ಟ ಇತ್ತು. ಆ ಫೋಟೋ ಅವರ ಮನೆಗೂ ಮುಟ್ಟಿತು. ಅದಕ್ಕೇ ನಿನ್ನ ಒಂದು ಸಾಲು ಬೇಡಿದ್ದೆ. ವಿಷಯ ತಿಳಿದರೆ ಮಗಳ ಸಲುವಾಗಿ ನೀನು ಕುತ್ತಿಗೆ ಬಗ್ಗಿಸುತ್ತೀಯ ಎಂದು ಗೊತ್ತಿತ್ತು. ಬಗ್ಗಿಸಲಿ ಎಂದೂ ಅನ್ನಿಸುತ್ತಿತ್ತು, ಬಗ್ಗಿಸುವುದು ಬೇಡ ಎಂದೂ ಅನ್ನಿಸುತ್ತಿತ್ತು. ಹೀಗಾಗಿ ಅರ್ಧ ಬರೆದೆ, ಅರ್ಧ ನುಂಗಿಕೊಂಡೆ.

ಕಳೆದ ರವಿವಾರ ಅವರು ಮಾತು ಪಕ್ಕಾ ಮಾಡಲು ಬಂದರು. ನಸುಕಿನಲ್ಲಿ ಎದ್ದು ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಕಟ್ಟಿನ ಸಾರು ಮಾಡಿದೆ. ರೊಟ್ಟಿ ಬಡಿದು ಬಡಿದು ರಟ್ಟೆ ಬಿದ್ದುಹೋದವು. ಉಂಡರು, ಹೊಗಳಿದರು, ಎಲೆಅಡಿಕೆ ಹಾಕಿಕೊಂಡರು. ಆಮೇಲೆ ಬಸವಂತರಾಯರು ಅಂದರು:

"ಹುಡುಗಿ ಛಲೋ ಅದಾಳ್ರಿ. ಆದರ ಆ ಸೋದರತ್ತಿ ಮದಿವಿಗಿ ಬರಬಾರದು. ಮುಂದೂ ಹುಡುಗಿ ಆಕಿ ಸಂಗ್ಟ ಮಾತು ಇಟ್ಕೋಬಾರದು. ನಮ್ಮದು ಮಡಿ ಮನಿತನ."

ನಿಮ್ಮಣ್ಣ ನೆಲ ನೋಡುತ್ತ "ಆತ್ರಿ" ಎಂದರು.

ನಾನು ಬಾಗಿಲ ಸಂದಿಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಆ "ಆತ್ರಿ" ಕೇಳಿದ ಮೇಲೆ ಕಾಲು ತಾವೇ ಹೊರಗೆ ಬಂದವು. ಮದುವೆಯಾಗಿ ಬಂದ ಮೇಲೆ ಹೊರಗಿನ ಗಂಡಸರ ಮುಂದೆ ಪಡಸಾಲೆಯಲ್ಲಿ ನಿಂತು ಮಾತಾಡಿದವಳಲ್ಲ ನಾನು.

"ಮುಂಜಾನಿಂದ ನಾ ಏನು ಉಂಡೀನಿ ಅಂತ ಈ ಮನ್ಯಾಗ ಯಾರೂ ಕೇಳಿಲ್ರಿ," ಎಂದೆ. "ಸಮುದ್ರದ ಆಚಿ ದಂಡಿಗಿ ಆಕಿ ಏನು ಉಂಡಾಳ ಅಂತ ಎಲ್ಲಾರೂ ಕೇಳಾಕತ್ತೀರಿ. ಆಕಿ ಬರಲಾರದ ಮದಿವಿ ಈ ಮನ್ಯಾಗ ಆಗಂಗಿಲ್ಲ. ಉಂಡೀರಲ್ಲ, ಸಂತೋಷ ಆಯ್ತು. ಹೋಗಿ ಬರ್ರಿ."

"ದೌಲತರಾಯರ, ಈ ಮನ್ಯಾಗ ಮಾತು ಯಾರದು ನಡೀತದ?" ಎಂದು ಬಸವಂತರಾಯರು ನಿಮ್ಮಣ್ಣನನ್ನೇ ಕೇಳಿದರು. ನಿಮ್ಮಣ್ಣ ನನ್ನ ಮೇಲೆ ಒದರಿದರು. ನಾನು ಅಲ್ಲಾಡಲಿಲ್ಲ. ಹವಳಗಾದವರ ಗಾಡಿ ಹೋದ ಮೇಲೆ ಅಡುಗೆಮನೆಗೆ ಬಂದು ಕೂತು ಎರಡು ಹೋಳಿಗೆ ತುಪ್ಪ ಹಾಕಿಕೊಂಡು ಉಂಡೆ.

ನೀನು ಮೀನು ಉಂಡಿಲ್ಲ ಎಂದು ಬರೆದದ್ದು ಮರುದಿನ ಬಂತು. ನಿಮ್ಮಣ್ಣನಿಗೆ ನಾನು ಹೇಳಿಲ್ಲ. ನೀನು ಉಂಡಿದ್ದರೂ ನಾನು ಪಡಸಾಲೆಯಲ್ಲಿ ಅದನ್ನೇ ಅನ್ನುತ್ತಿದ್ದೆ.

ಶೈಲಾ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.

ವೈನಿ


ನೀಲ್ ದ್ವೀಪ
೧೪ ಮಾರ್ಚ್ ೨೦೨೪

ವೈನಿ,

ನಿಮ್ಮ ಪತ್ರವನ್ನು ಬ್ಯಾಂಕಿನ ಕೌಂಟರಿನಲ್ಲೇ ಓದಿದೆ. ರಸೀದಿಗೆ ಕಾಯುತ್ತಿದ್ದ ರೈತ ನನ್ನ ಮುಖ ನೋಡುತ್ತಿದ್ದ.

ನೀವು ಹೇಳಿದ್ದು ಸರಿ. ಶೈಲಾಳ ಮಾತು ತಿಳಿದಿದ್ದರೆ ನಾನು ಆಣೆ ಮಾಡುತ್ತಿದ್ದೆ. ಹೇಳಿದ ಹಾಗೆ ಬರೆದು, ಕೆಳಗೆ ಸಹಿಯನ್ನೂ ಹಾಕಿ ಕಳಿಸುತ್ತಿದ್ದೆ. ಆಮೇಲೆ ಶೈಲಾ ಆ ಮನೆಯಲ್ಲಿ ಜೀವಮಾನವಿಡೀ ಹಾಗೆಯೇ ಬರೆದು ಕೊಡುತ್ತಿರಬೇಕಾಗುತ್ತಿತ್ತು. ನೀವು ಹೇಳದೆ ಇದ್ದದ್ದೇ ಒಳ್ಳೆಯದಾಯಿತು. ಆದರೂ ಒಬ್ಬರೇ ಹೊತ್ತಿರಲ್ಲ, ಅದಕ್ಕೆ ನಿಮ್ಮ ಜೊತೆ ಜಗಳ ಇದೆ. ಬಂದಾಗ ಆಡುತ್ತೇನೆ.

ಶೈಲಾಳಿಗೆ ಬೇರೆ ಪತ್ರ ಹಾಕಿದ್ದೇನೆ. ಅವಳ ದುಃಖ ಸುಳ್ಳಲ್ಲ, ಅದಕ್ಕೆ ಬುದ್ಧಿ ಹೇಳಲು ಹೋಗಿಲ್ಲ. ಪರೀಕ್ಷೆ ಮುಗಿದ ಮೇಲೆ ಇಲ್ಲಿಗೆ ಬಾ, ಒಟ್ಟಿಗೆ ಬೆಂಚಿನ ಮೇಲೆ ಕೂತು ಉಣ್ಣೋಣ ಎಂದಷ್ಟೇ ಬರೆದೆ.

ವರ್ಗಕ್ಕೆ ಅರ್ಜಿ ಹಾಕುವುದಿಲ್ಲ. ಇನ್ನೊಂದು ವರ್ಷ ಇಲ್ಲೇ ಇರುತ್ತೇನೆ ಎಂದು ಕೇಳಿಕೊಂಡಿದ್ದೇನೆ. ಅಣ್ಣನಿಗೆ ಇದನ್ನು ನಾನೇ ಫೋನಿನಲ್ಲಿ ಹೇಳುತ್ತೇನೆ. ಸ್ಪೀಕರ್ ಹಾಕಲಿ.

ಸುನಿತಾ


ಆಳಂದ
೫ ಏಪ್ರಿಲ್ ೨೦೨೪

ಸುನಿತಾ,

ನಿನ್ನ ಫೋನು ಬಂದ ದಿನ ನಿಮ್ಮಣ್ಣ ಫೋನನ್ನು ಪಡಸಾಲೆಯಲ್ಲೇ ಬಿಟ್ಟು ಹೊಲಕ್ಕೆ ಹೋದರು.

ಶೈಲಾ ಮಾತಾಡಿದಳು. ಕಲ್ಯಾಣಕುಮಾರ ಫೋನು ಮಾಡಿ, ಸ್ವಲ್ಪ ದಿನ ತಡಿ, ಅಪ್ಪನನ್ನು ಒಪ್ಪಿಸುತ್ತೇನೆ, ಸದ್ಯಕ್ಕೆ ಅತ್ತೆಯ ವಿಷಯ ಬಿಡು ಎಂದನಂತೆ. ಅವಳು ನನ್ನ ಎದುರಿಗೇ "ನಿಮ್ಮಪ್ಪನ್ನ ಒಪ್ಪಸೋದು ನಿನ್ನ ಕೆಲಸ. ನಮ್ಮತ್ತಿನ ಬಿಡೋದು ನನ್ನ ಕೆಲಸ ಅಲ್ಲ" ಎಂದು ಇಟ್ಟಳು. ಆಮೇಲೆ ನನ್ನ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ಅವನು ಏನು ಮಾಡುತ್ತಾನೋ ನೋಡಬೇಕು.

ಮರುದಿನ ಅವಳು "ನಡಿ ಅವ್ವಾ, ಹೊರಗ ಉಣ್ಣೂಣು" ಎಂದಳು. ಬಸ್‌ಸ್ಟ್ಯಾಂಡಿನ ಹತ್ತಿರ ನಾಗಣ್ಣನ ಖಾನಾವಳಿ ಇದೆಯಲ್ಲ, ಅಲ್ಲಿಗೆ ಹೋದೆವು. ಆಳಂದಕ್ಕೆ ಸೊಸೆಯಾಗಿ ಬಂದು ಮಗಳ ಮದುವೆಯ ಮಾತು ಬರುವಷ್ಟು ಕಾಲವಾಯಿತು, ಒಂದು ದಿನವೂ ಅದರ ಮೆಟ್ಟಿಲು ಹತ್ತಿರಲಿಲ್ಲ. ನಾಗಣ್ಣ ಗುರುತು ಹಿಡಿದು ಗಡಬಡಿಸಿ ಎದ್ದು ಬಂದ.

"ಅಕ್ಕಾರ, ನೀವು ಒಳಗ ಫ್ಯಾಮಿಲಿ ರೂಮಿನಾಗ ಕೂಡ್ರಿ. ಪರದೆ ಹಾಕಿಸ್ತೇನಿ."

"ಪರದೆ ಯಾಕೋ ನಾಗಣ್ಣ?" ಎಂದೆ. "ಕಳುವು ಮಾಡಾಕ ಬಂದಿಲ್ಲ, ಉಣ್ಣಾಕ ಬಂದೀವಿ. ಇಲ್ಲೇ ಫ್ಯಾನಿನ ಬುಡಕ ಹಾಕು."

ನಡು ಮೇಜಿಗೆ ಕೂತೆವು. ಸುತ್ತ ಎಲ್ಲ ಗಂಡಸರು. ಮೊದಲ ತುತ್ತು ಅವರನ್ನು ನೋಡುತ್ತಲೇ ಉಂಡೆ. ಎರಡನೆಯದು ತಟ್ಟೆ ನೋಡಿ ಉಂಡೆ. ಆಮೇಲೆ ರುಚಿ ತಿಳಿಯಿತು. ಬಿಸಿ ರೊಟ್ಟಿ ಒಂದರ ಹಿಂದೆ ಒಂದು ಬಂದು ತಟ್ಟೆಗೆ ಬೀಳುತ್ತಿತ್ತು, ಸುನಿತಾ. ಒಲೆಯ ಮುಂದಿನ ರೊಟ್ಟಿ ಆರುವ ಮೊದಲು ನನ್ನ ಬಾಯಿಗೆ ಬಂದದ್ದು ಯಾವತ್ತು ಎಂದು ಯೋಚಿಸಿದೆ, ನೆನಪಾಗಲಿಲ್ಲ. ಕಡಲೆ ಹಿಟ್ಟಿನ ಝುಣಕಕ್ಕೆ ಬೆಳ್ಳುಳ್ಳಿ ಹೆಚ್ಚಾಗಿತ್ತು, ಹೇಳಿದೆ. "ನಾಳಿಗಿ ಕಮ್ಮಿ ಹಾಕಸ್ತೇನ್ರಿ" ಎಂದ ನಾಗಣ್ಣ. ನಾಳೆಯೂ ಬರುತ್ತೇನೆ ಎಂದು ಅವನಿಗೆ ಹೇಗೆ ತಿಳಿಯಿತೋ.

ಅಷ್ಟರಲ್ಲಿ ನಿಮ್ಮಣ್ಣ ಬಜಾರದ ಕಡೆಯಿಂದ ಬಂದರು. ಬಾಗಿಲ ಮುಂದೆ ಹಾಯುವಾಗ ನಮ್ಮನ್ನು ಕಂಡು ನಿಂತುಬಿಟ್ಟರು. ಒಳಗಿನ ಮಂದಿಯೆಲ್ಲ ಅವರನ್ನು ನೋಡಿ ನನ್ನನ್ನು ನೋಡಿದರು. ಶೈಲಾ ಮೇಜಿನ ಕೆಳಗೆ ನನ್ನ ಸೆರಗು ಹಿಡಿದಳು. ನಾನು ತುತ್ತು ಮುರಿದು ಬಾಯಿಗೆ ಇಟ್ಟುಕೊಂಡೆ, ಅವರ ಮುಖ ನೋಡುತ್ತಲೇ ಅಗಿದೆ. ಅವರು ಮನೆಯ ಕಡೆ ತಿರುಗಿ ನಡೆದರು.

ಸಂಜೆ ಚಹಾ ಕೊಟ್ಟಾಗ ಬಸಿ ಕೈಯಲ್ಲಿ ಹಿಡಿದು, ಗೋಡೆಯ ಕಡೆ ನೋಡುತ್ತ ಕೇಳಿದರು.

"ಏನು ಉಂಡ್ರಿ ಅಲ್ಲಿ?"

ನಾನು ಅಂದೆ, "ನೀವೇ ಹೋಗಿ ಕುಂತು ಉಂಡು ನೋಡ್ರಿ."

ನಿನ್ನ ವೈನಿ,
ಸುಂದರಬಾಯಿ